ಪರದೇಶದ ದೊಡ್ಡ ಹೋಟ್ಲಲ್ಲಿ ಟಿಪ್ಸ್: ದಿನಾ ಕೊಡೋದಾ, ಕೊನೆಗೆ ಕೊಡೋದಾ, ಬಿಲ್ಲಿಗೆ ಸೇರಿಸೋದಾ, ಕೊಡದೇ ಬರೋದಾ?

ಹೋದ ವಾರ ಶಿರಸಿಯಿಂದ ಮಾವ ಅತ್ತೆ ಇಬ್ರೂ ಬಂದಿದ್ರು. ಮಗ ಬೆಂಗ್ಳೂರಲ್ಲಿ ಕೆಲಸದಲ್ಲಿದಾನೆ, ಅಪ್ಪಯ್ಯಂಗೆ ಅರವತ್ತಾಯ್ತು ಅಂತ ಶಾಂತಿ ಮಾಡಿಸಿ ಅದು ಮುಗಿದ ಮೇಲೆ ಇಬ್ರಿಗೂ ದುಬೈಗೆ ಟಿಕೆಟ್ ತೆಗೆದು ನಾಲ್ಕು ರಾತ್ರಿ ಫೈವ್ ಸ್ಟಾರ್ ಹೋಟ್ಲು ಬುಕ್ ಮಾಡಿ ಕೊಟ್ಟಿದಾನೆ. ಮಾವಂಗೆ ವಿಮಾನದ ಹೆದರಿಕೆ ಇಲ್ಲ, ಊಟದ ಚಿಂತೆನೂ ಇಲ್ಲ, ಅತ್ತೆ ಚಟ್ನಿಪುಡಿ ಅವಲಕ್ಕಿ ಎಲ್ಲ ಆಗ್ಲೇ ಕಟ್ಟಿ ಆಗಿದೆ. ಇರೋ ಹೆದರಿಕೆ ಒಂದೇ. ಜಗಲಿ ಮೇಲೆ ಕೂತು ಕವಳದ (ಎಲೆ ಅಡಿಕೆಯ) ಸಂಚಿ ಬಿಚ್ಚುತ್ತಾ ಕೇಳಿದ್ರು, "ತಮಾ, ಬಾಗಿಲು ತೆಗೆದವಂಗೂ ಕೊಡವಾ, ಬ್ಯಾಗು ಹೊತ್ತವಂಗೂ ಕೊಡವಾ? ಯಾರಿಗೆ ಎಷ್ಟು ಕೊಡವು ಹೇಳಿ ಒಂದು ಪಟ್ಟಿ ಬರಕೊಡು ನೋಡನ."

ಇದೇ ಪ್ರಶ್ನೆ ಈ ವರ್ಷ ನಾಲ್ಕನೇ ಸಲ ಕೇಳ್ತಿರೋದು. ಕಾರವಾರದ ಗೆಳೆಯನ ಮಗಳು ಮದುವೆ ಆಗಿ ಮಾಲ್ಡೀವ್ಸಿಗೆ ಹೊರಟವಳು ಕೇಳಿದ್ಲು, ಅಂಕೋಲಾದ ರಿಟೈರ್ಡ್ ಅಕ್ಕೋರು (ಟೀಚರು) ಒಬ್ರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗೋರು ನಡುವೆ ಮೂರು ರಾತ್ರಿ ಹೋಟ್ಲಲ್ಲಿ ಇರ್ಬೇಕು ಅಂತ ಕೇಳಿದ್ರು, ಹೊನ್ನಾವರದವ ಒಬ್ಬ ಕಂಪನಿ ಕೆಲಸದ ಮೇಲೆ ಜಪಾನಿಗೆ. ನನ್ನ ಹತ್ರ ಯಾಕೆ ಕೇಳ್ತಾರೆ ಅಂದ್ರೆ ನಾನು ಕುಮಟಾ ಬಿಟ್ಟು ಆರು ವರ್ಷ ದುಬೈಯಲ್ಲಿ ಒಂದು ದೊಡ್ಡ ಹೋಟ್ಲಲ್ಲಿ ರೂಮ್ ಅಟೆಂಡೆಂಟ್ ಆಗಿದ್ದೆ. ಊರಲ್ಲಿ ಆಗ ಯಾರಿಗೂ ಹಾಗೆ ಹೇಳ್ತಿರ್ಲಿಲ್ಲ, 'ಹೋಟೆಲ್ ಮ್ಯಾನೇಜ್‌ಮೆಂಟ್' ಅಂತಿತ್ತು ಆಯಿ ಬಾಯಲ್ಲಿ. ಮ್ಯಾನೇಜ್‌ಮೆಂಟ್ ಅಂದ್ರೆ ದಿನಕ್ಕೆ 14 ರೂಮು, 14 ಪಾಯಿಖಾನೆ, ಜೋಡಿ ಹಾಸಿಗೆ ಇದ್ರೆ 28 ಚಾದರ. ಈಗ ವಾಪಸ್ ಬಂದು ಚಿಕ್ಕ ಹೋಂಸ್ಟೇ ಇಟ್ಕೊಂಡಿದೀನಿ. ಹಾಗಾಗಿ ಟಿಪ್ಸ್ ಕೊಡೋ ಕೈ, ತಗೊಳ್ಳೋ ಕೈ ಎರಡೂ ಕಂಡವ ನಾನು.

ಪಟ್ಟಿ ಬರಕೊಡೋದು ಸುಲಭ, ಆದ್ರೆ ಅದು ಕೆಲಸಕ್ಕೆ ಬರೋದಿಲ್ಲ. ದುಬೈ ಪಟ್ಟಿ ಹಿಡ್ಕೊಂಡು ಟೋಕಿಯೋಗೆ ಹೋದ್ರೆ ಮರ್ಯಾದೆ ಹೋಗ್ತದೆ, ಟೋಕಿಯೋ ಪಟ್ಟಿ ಹಿಡ್ಕೊಂಡು ನ್ಯೂಯಾರ್ಕಿಗೆ ಹೋದ್ರೆ ಅಲ್ಲಿ ಊಟ ಬಡಿಸಿದವನ ಹೊಟ್ಟೆ ಮೇಲೆ ಹೊಡೆದ ಹಾಗೆ. ಅದಕ್ಕೇ ಮೊದಲು ಯಾವುದನ್ನ ನೋಡಿ ತೀರ್ಮಾನ ಮಾಡ್ಬೇಕು ಅಂತ ಹೇಳಿಬಿಡ್ತೀನಿ, ಆಮೇಲೆ ಕೊಡೋ ನಾಲ್ಕು ದಾರಿ.

ಮೊದಲು ನೋಡ್ಬೇಕಾದ್ದು

ಒಂದನೇದು, ಬಿಲ್ಲಲ್ಲೇ ಸರ್ವಿಸ್ ದುಡ್ಡು ಆಗ್ಲೇ ತಗೊಂಡಾಗಿದೆಯಾ. ಬುಕ್ ಮಾಡುವಾಗ ರೇಟಿನ ಪಕ್ಕ ಎರಡು ಪ್ಲಸ್ ಗುರ್ತು ಕಂಡಿದ್ರೆ ಅದರಲ್ಲಿ ಒಂದು ಸರ್ವಿಸ್ ಚಾರ್ಜು, ಇನ್ನೊಂದು ಟ್ಯಾಕ್ಸು, ಅದೂ ಟ್ಯಾಕ್ಸು ಸರ್ವಿಸ್ ಚಾರ್ಜಿನ ಮೇಲೂ ಬೀಳ್ತದೆ. ಸಿಂಗಾಪುರದಲ್ಲಿ ಸರ್ವಿಸ್ 10%, ಜಿಎಸ್‌ಟಿ 2024ರಿಂದ 9%, ಅಂದ್ರೆ ನೀವು 100 ಡಾಲರ್ ಅಂತ ಕಂಡದ್ದು ಬಿಲ್ಲಲ್ಲಿ 119.90. ಥಾಯ್ಲೆಂಡಲ್ಲಿ 10% ಮತ್ತೆ 7%, 100 ಹೋಗಿ 117.70. ಮಾಲ್ಡೀವ್ಸಲ್ಲಿ 10% ಮೇಲೆ 2025ರ ಜುಲೈಯಿಂದ 17% ಟ್ಯಾಕ್ಸು, 100 ಡಾಲರ್ ರೂಮು 128.70ಕ್ಕೆ ಹೋಗಿ ನಿಲ್ತದೆ, ಅದರ ಮೇಲೆ ರೆಸಾರ್ಟಲ್ಲಿ ತಲೆಗೆ ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್ ಬೇರೆ. ಮದುವೆ ಖರ್ಚು ಮುಗಿಸಿ ಹೊರಟವರು ಈ ಲೆಕ್ಕ ಅಲ್ಲಿ ಹೋಗಿ ನೋಡಿ ಮುಖ ಬಾಡಿಸ್ಕೊಂಡು ಕಡೆಗೆ ಆ ಸಿಟ್ಟನ್ನ ರೂಮ್ ಬಾಯ್ ಮೇಲೆ ತೀರಿಸ್ತಾರೆ, ನಾನೇ ನೋಡಿದೀನಿ.

ಎರಡನೇದು, ನಂಗೆ ಎಲ್ಲಕ್ಕಿಂತ ದೊಡ್ಡದು, ಕೆಲಸ ಮಾಡಿದವನ ಕೈಗೇ ಅದು ಸೇರ್ತದಾ. ಮೂರನೇದು, ಆ ಊರಲ್ಲಿ ದುಡ್ಡು ಕೊಟ್ರೆ ಖುಷಿ ಪಡ್ತಾರಾ, ಸಂಕೋಚ ಪಡ್ತಾರಾ. ನಾಲ್ಕನೇದು ನಿಮ್ಮ ಕಿಸೆ, ಐದನೇದು ನಿಮ್ಮ ಸ್ವಭಾವ. ಕೆಲವರಿಗೆ ಪ್ರತಿ ಬಾಗಿಲ ಹತ್ರ ನೋಟು ಹುಡುಕೋದು ಅಂದ್ರೆ ಹಿಂಸೆ, ಇಡೀ ಟ್ರಿಪ್ಪು ಅದರಲ್ಲೇ ಹೋಗ್ತದೆ. ಹಾಗಿರೋರು ಬೇರೆ ದಾರಿ ಹಿಡಿಯೋದೇ ಒಳ್ಳೇದು, ಅದರಲ್ಲಿ ತಪ್ಪೇನಿಲ್ಲ.

ದಿನಾ ದಿನಾ ಚಿಲ್ಲರೆ

ನನ್ನ ಓಟು ಇದಕ್ಕೇ, ಕಾರಣ ಹೇಳ್ತೀನಿ. ಹೋಟ್ಲಲ್ಲಿ ನೀವು ನಾಲ್ಕು ರಾತ್ರಿ ಇದ್ರೆ ನಿಮ್ಮ ರೂಮು ತೊಳೆದವ ನಾಲ್ಕೂ ದಿನ ಒಬ್ಬನೇ ಅಂತ ಏನಿಲ್ಲ. ವಾರದ ರಜೆ ಬರ್ತದೆ, ಫ್ಲೋರ್ ಬದಲಾಗ್ತದೆ. ಒಂದು ಸಲ ದೊಡ್ಡ ಕುಟುಂಬ ಒಂದು, ಎರಡು ಪುಟ್ಟ ಮಕ್ಕಳು, ಆರು ದಿನ ಇದ್ರು, ಕಾರ್ಪೆಟ್ ಮೇಲೆ ಬಿಸ್ಕೆಟ್ ಹುಡಿ, ಟಬ್ಬಿನ ತುಂಬ ಮರಳು. ಐದು ದಿನ ನಾನೇ ಬಳಿದದ್ದು. ಆರನೇ ದಿನ ನಂಗೆ ರಜೆ. ಅವರು ಹೋಗುವಾಗ ಮೇಜಿನ ಮೇಲೆ 100 ದಿರ್ಹಮ್ ಇಟ್ಟು ಹೋದ್ರಂತೆ, ಅದು ಆ ದಿನ ಬಂದ ಹುಡುಗಂಗೆ ಹೋಯ್ತು. ಅವ ಒಳ್ಳೆಯವ, ರಾತ್ರಿ ನಂಗೆ ಚಾ ಕುಡಿಸಿದ. ಆದ್ರೆ ಆ ಮನೆಯವರ ಮನಸ್ಸಲ್ಲಿ ಇದ್ದವ ನಾನು ಅಲ್ವಾ.

ಹಾಗಾಗಿ ಬೆಳಿಗ್ಗೆ ರೂಮಿಂದ ಹೊರಡುವಾಗ ಅವತ್ತಿಂದು ಅವತ್ತೇ ಇಟ್ಟು ಹೋಗೋದು ಸರಿ. ಇಡೋದ್ರಲ್ಲೂ ಒಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಬರೀ ನೋಟು ಮೇಜಿನ ಮೇಲೆ ಬಿದ್ದಿದ್ರೆ ನಾವು ಮುಟ್ತಿರ್ಲಿಲ್ಲ. ಮುಟ್ಟಿದ್ರೆ ಕಳ್ಳತನದ ಆಪಾದನೆ, ಕೆಲಸ ಹೋದ ಹಾಗೇ. ದಿಂಬಿನ ಕೆಳಗೆ ಇಟ್ರೂ ಅದೇ ಕಥೆ, ಮರೆತು ಬಿಟ್ಟದ್ದೋ ಕೊಟ್ಟದ್ದೋ ಗೊತ್ತಾಗೋದು ಹ್ಯಾಗೆ? ಹೋಟ್ಲಿನ ಪ್ಯಾಡಿನಿಂದ ಒಂದು ಹಾಳೆ ಹರಿದು 'ಥ್ಯಾಂಕ್ ಯೂ, ಹೌಸ್‌ಕೀಪಿಂಗ್' ಅಂತ ಬರೆದು ಅದರ ಮೇಲೆ ನೋಟಿಟ್ರೆ ಆಯ್ತು. ಇಂಗ್ಲಿಷ್ ಬರೋದಿಲ್ಲ ಅಂತ ಬಿಡ್ಬೇಡಿ. ಹುಬ್ಬಳ್ಳಿ ಕಡೆಯ ಅಜ್ಜಿ ಒಬ್ರು ಮೊಮ್ಮಕ್ಕಳ ಜೊತೆ ಬಂದವರು, ಫೋನಿನ ಕೆಳಗೆ 20 ದಿರ್ಹಮ್ ಇಟ್ಟು ಹಾಳೆ ಮೇಲೆ ಪೆನ್ಸಿಲಲ್ಲಿ ಕನ್ನಡದಲ್ಲೇ ಬರೆದಿದ್ರು, 'ರೂಂ ಕಸಾ ಹೊಡಿಯೋ ತಮ್ಮಗ.' ಯಾರೂ ಓದೋದಿಲ್ಲ ಅಂತ ಗೊತ್ತಿದ್ರೂ ಬರೆದದ್ದೋ, ಬೇರೆ ಬರೋದಿಲ್ಲ ಅಂತ ಬರೆದದ್ದೋ ಗೊತ್ತಿಲ್ಲ. ಆ ಫ್ಲೋರಲ್ಲಿ ನೇಪಾಳದವ, ಫಿಲಿಪ್ಪೀನ್ಸಿನವಳು, ಕೇರಳದವರು ಇಬ್ರು ಮತ್ತೆ ನಾನು ಇದ್ದದ್ದು. ಹಾಳೆ ಸಿಕ್ಕಿದ್ದು ನಂಗೆ. ಮರುದಿನ ಹುಡುಕ್ಕೊಂಡು ಹೋಗಿ ನಮಸ್ಕಾರ ಅಂದೆ, ಅಜ್ಜಿ ಬಾಯಿ ಬಿಟ್ಕೊಂಡು ನಿಂತೇ ಇದ್ರು.

ಈ ದಾರಿಯ ಕಷ್ಟ ಏನಂದ್ರೆ ಚಿಲ್ಲರೆ ಬೇಕು. ಇಲ್ಲಿಂದ ಹೋಗುವಾಗ ಎಕ್ಸ್‌ಚೇಂಜಲ್ಲಿ ಕೊಡೋದು ದೊಡ್ಡ ದೊಡ್ಡ ನೋಟು, ಕೇಳಿ ಸಣ್ಣದು ತಗೊಳ್ಳಿ, ಸಿಗದಿದ್ರೆ ಹೋಟ್ಲಿನ ರಿಸೆಪ್ಷನ್ನಲ್ಲೇ ಒಂದು ನೂರು ಮುರಿಸಿ, ಅವರು ಯಾಕೆ ಏನು ಅಂತ ಕೇಳೋದಿಲ್ಲ, ಅವರಿಗೆ ಗೊತ್ತು. ದಯವಿಟ್ಟು ನಮ್ಮ 10 ರೂಪಾಯಿ ನೋಟು, ಬೇರೆ ದೇಶದ ಚಿಲ್ಲರೆ ನಾಣ್ಯ ಕೊಡ್ಬೇಡಿ. ನಾಣ್ಯವನ್ನ ಎಕ್ಸ್‌ಚೇಂಜಿನವರು ತಗೊಳ್ಳೋದಿಲ್ಲ, ನನ್ನ ಹತ್ರ ಇವತ್ತಿಗೂ ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬ ಎಲ್ಲೆಲ್ಲಿಂದೋ ನಾಣ್ಯ ಇದೆ, ಮಕ್ಕಳು ಆಡ್ತಾರೆ.

ಕೊನೆ ದಿನ ಒಂದೇ ಕವರು

ಮರೆಯೋ ಸ್ವಭಾವದವರಿಗೆ, ವಯಸ್ಸಾದವರಿಗೆ ಇದು ಹಗುರ. ಒಂದೇ ಸಲ ಲೆಕ್ಕ ಹಾಕಿ ಮದುವೆ ಮುಯ್ಯಿ ಕವರಿನ ಹಾಗೆ ಹಾಕಿ ಕೊಟ್ರೆ ಮುಗೀತು. ಇಡೀ ವಾಸದಲ್ಲಿ ನಿಮ್ಮನ್ನ ನೋಡಿಕೊಂಡವ ಒಬ್ಬನೇ ಆಗಿದ್ರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮಾಲ್ಡೀವ್ಸಿನ ರೆಸಾರ್ಟಲ್ಲಿ ವಿಲ್ಲಾಕ್ಕೊಬ್ಬ ಹೋಸ್ಟ್ ಅಂತ ಇರ್ತಾನೆ, ದೋಣಿ ಇಳಿದಾಗಿಂದ ಹಿಡಿದು ಮತ್ತೆ ದೋಣಿ ಹತ್ತಿಸೋವರೆಗೆ ಅವನೇ. ಅಲ್ಲಿ ಡಾಲರೇ ನಡೀತದೆ, ಕೊನೇ ದಿನ ಕೈಯಲ್ಲಿ ಕೊಟ್ಟು ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ. ಕಾರವಾರದ ಹುಡುಗಿಗೆ ನಾನು ಹೇಳಿದ್ದು ಇದನ್ನೇ, ಹೋಸ್ಟಿಗೆ ಒಂದು ಕವರು, ರೂಮು ಮಾಡುವವಂಗೆ ಇನ್ನೊಂದು, ಬಾಕಿ ಬಿಲ್ಲಲ್ಲಿ 10% ಹೋಗಿದೆ, ತಲೆ ಕೆಡಿಸ್ಕೊಬೇಡ.

ದೊಡ್ಡ ಹೋಟ್ಲಲ್ಲಿ, ನೂರಾರು ರೂಮಿರೋ ಕಡೆ, ಕೊನೇ ದಿನದ ಕವರು ಯಾರಿಗೆ ಹೋಗ್ತದೆ ಅನ್ನೋದು ನಾನು ಮೇಲೆ ಹೇಳಿದ ಹಾಗೆ ಲಾಟರಿ. ಒಂದು ಉಪಾಯ ಇದೆ. ಕವರಿನ ಮೇಲೆ ರೂಮ್ ನಂಬರು, ಇದ್ದ ತಾರೀಕು ಬರೆದು ಹೌಸ್‌ಕೀಪಿಂಗ್ ಅಂತ ಹೇಳಿ ರಿಸೆಪ್ಷನ್ನಲ್ಲಿ ಕೊಡಿ, ಸೂಪರ್‌ವೈಸರ್ ಡ್ಯೂಟಿ ಪಟ್ಟಿ ನೋಡಿ ಹಂಚಬಹುದು. ಹಂಚಬಹುದು ಅಂದೆ, ಹಂಚ್ತಾರೆ ಅಂತ ಅಂದಿಲ್ಲ. ಕೆಲವು ಕಡೆ ಎಲ್ಲರಿಗೂ ಸೇರಿ ಒಂದು ಡಬ್ಬಿ ಇಟ್ಟಿರ್ತಾರೆ. ನಿಮಗೆ ಕಾಣದೇ ಇದ್ದ ಲಾಂಡ್ರಿಯವರು, ಪಾತ್ರೆ ತೊಳೆಯೋರಿಗೂ ಹೋಗ್ಲಿ ಅನ್ನೋ ಮನಸ್ಸಿದ್ರೆ ಆ ಡಬ್ಬಿ ಒಳ್ಳೇದು. ಊರಲ್ಲಿ ಮದುವೆಯಲ್ಲಿ ಅಡಿಗೆ ಭಟ್ರಿಗೆ ಶಾಲು ಹೊದೆಸಿ ದಕ್ಷಿಣೆ ಕೊಟ್ಟು, ಒಲೆ ಮುಂದೆ ಸೌದೆ ದೂಡಿದವನನ್ನ ಮರೆತು ಬಿಡ್ತೀವಲ್ಲ, ಅದೇ ಇಲ್ಲೂ.

ಜಪಾನಿನ ಕಥೆನೇ ಬೇರೆ. ಅಲ್ಲಿ ಟಿಪ್ಸ್ ಅನ್ನೋ ರೂಢಿನೇ ಇಲ್ಲ, ದೊಡ್ಡ ಹೋಟ್ಲಲ್ಲಿ 10ರಿಂದ 15% ಸರ್ವಿಸ್ ಚಾರ್ಜು ಹಾಕಿರ್ತಾರೆ, ಅಷ್ಟೇ. ರೂಮಲ್ಲಿ ನೋಟು ಬಿಟ್ಟು ಬಂದ್ರೆ ನೀವು ಮರೆತಿರಿ ಅಂತ ಲಾಬಿವರೆಗೆ ಓಡಿ ಬಂದು ಕೊಡ್ತಾರೆ. ಹೊನ್ನಾವರದವಂಗೆ ನಾನು ಹೇಳಿದ್ದು ಒಂದೇ ಮಾತು, ಕಿಸೆಗೆ ಕೈ ಹಾಕ್ಬೇಡ, ಸೊಂಟ ಬಗ್ಗಿಸು. ಆದ್ರೆ ಹಳೇ ಕಾಲದ ರ್ಯೋಕಾನ್ ಅಂತ ಸತ್ರದ ಥರ ಇರ್ತದೆ, ಚಾಪೆ ನೆಲ, ಬಿಸಿನೀರ ಹೊಂಡ, ರೂಮಿಗೇ ಊಟ. ಅಲ್ಲಿ ನಿಮ್ಮನ್ನ ನೋಡ್ಕೊಳ್ಳೋ ಹೆಂಗಸಿಗೆ ಕೊಕೊರೊಝುಕೆ ಅಂತ 1000ದಿಂದ 3000 ಯೆನ್ ಕೊಡೋ ಪದ್ಧತಿ ಇದೆ, ಕಡ್ಡಾಯ ಅಲ್ಲ. ಕೊಡೋದಾದ್ರೆ ಕೊನೇ ದಿನ ಅಲ್ಲ, ಮೊದಲನೇ ದಿನ, ಅವರು ರೂಮು ತೋರಿಸಿ ಚಾ ಕೊಡುವಾಗ. ಹೊಸ ನೋಟು, ಪುಟ್ಟ ಕವರಲ್ಲಿ, ಎರಡೂ ಕೈಯಲ್ಲಿ. ಬರೀ ನೋಟು ಕೈಯಲ್ಲಿ ಹಿಡಿಸಿದ್ರೆ ಒರಟು ಅಂತ ಲೆಕ್ಕ. ನಾವು ಭಟ್ರಿಗೆ ವೀಳ್ಯದೆಲೆ ಅಡಿಕೆ ಜೊತೆ ಇಟ್ಟೇ ದಕ್ಷಿಣೆ ಕೊಡೋದು, ಬರೀ ನೋಟು ಚಾಚೋದಿಲ್ಲ ಅಲ್ವಾ, ಹಾಗಾಗಿ ಶಿರಸಿ ಸಿದ್ದಾಪುರದವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ನಮ್ಮ ಹಾಗೆ ಮೇಲೊಂದು ರೂಪಾಯಿ ನಾಣ್ಯ ಇಡೋ ಅಗತ್ಯ ಮಾತ್ರ ಇಲ್ಲ.

ಬಿಲ್ಲಿಗೇ ಸೇರಿಸೋದು

ಕ್ಯಾಶ್ ಇಲ್ಲ, ಚಿಲ್ಲರೆ ಇಲ್ಲ, ಕಾರ್ಡು ಉಜ್ಜಿ ಮುಗಿಸಿಬಿಡೋಣ ಅನ್ನೋರಿಗೆ. ಇದು ಊಟದ ಟೇಬಲ್ಲಿಗೆ ಚಲೋ, ರೂಮಿನ ಕೆಲಸಕ್ಕೆ ಅಷ್ಟಕ್ಕಷ್ಟೇ. ಅಮೆರಿಕದಲ್ಲಿ ಟಿಪ್ಸ್ ಬರೋ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡ್ಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ, ಬಾಕಿ ಟಿಪ್ಸಿಂದ ತುಂಬ್ಬೇಕು ಅನ್ನೋ ಲೆಕ್ಕ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡ್ಲೇಬೇಕು, ಆದ್ರೆ ಗಿರಾಕಿ ಕೊಡೋ ರೂಢಿ ಎಲ್ಲಾ ಕಡೆ ಒಂದೇ. ಅದಕ್ಕೇ ಅಲ್ಲಿ ಊಟ ಮಾಡಿ 15ರಿಂದ 20% ಕೊಡದೇ ಎದ್ದು ಬಂದ್ರೆ ಮುಖ ಮುಖ ನೋಡ್ತಾರೆ. ಅಂಕೋಲಾದ ಅಕ್ಕೋರು ಇದನ್ನ ಕೇಳಿ, "ಅಯ್ಯೋ ದೇವರೇ, ಒಂದು ಇಡ್ಲಿಗೆ ಐದರಲ್ಲೊಂದು ಪಾಲಾ?" ಅಂದ್ರು. ಹೌದು ಅಕ್ಕೋರೇ, ಅಲ್ಲಿ ಮೆನುವಲ್ಲಿ ಬರೆದದ್ದು ಪೂರ್ತಿ ರೇಟು ಅಲ್ಲ ಅಂತ ತಿಳ್ಕೊಂಡೇ ಆರ್ಡರ್ ಮಾಡ್ಬೇಕು.

ರೂಮಿಗೆ ಊಟ ತರಿಸಿದ್ರೆ ಬಿಲ್ಲನ್ನ ಕನ್ನಡಕ ಹಾಕ್ಕೊಂಡು ಓದಿ. ಸರ್ವಿಸ್ ಚಾರ್ಜು ಒಂದು ಸಾಲು, ಡೆಲಿವರಿ ಚಾರ್ಜು ಒಂದು ಸಾಲು, ಅದರ ಕೆಳಗೆ ಮತ್ತೆ ಟಿಪ್ಸಿಗೆ ಖಾಲಿ ಗೆರೆ. ಮೇಲೆ ಸರ್ವಿಸ್ ಇದ್ರೆ ಕೆಳಗೆ ಗೆರೆ ಎಳೆದು ಬಿಡಿ, ತಪ್ಪಿಲ್ಲ. ಕೆಲವು ಹೋಟ್ಲಲ್ಲಿ ರಿಸಾರ್ಟ್ ಫೀ ಅಂತ ದಿನಕ್ಕಿಷ್ಟು ಹಾಕ್ತಾರೆ, ಅದು ಈಜುಕೊಳ, ವೈಫೈ ಅಂತೆಲ್ಲ ಹೋಟ್ಲಿಗೆ ಹೋಗೋದು, ಅದನ್ನ ಟಿಪ್ಸ್ ಅಂತ ತಿಳ್ಕೊಬೇಡಿ.

ಇಂಗ್ಲೆಂಡಲ್ಲಿ ಈ ದಾರಿ ಮೊದಲಿಗಿಂತ ನಂಬಬಹುದು. ರೆಸ್ಟೋರೆಂಟ್ ಬಿಲ್ಲಲ್ಲಿ 12.5% ಸರ್ವಿಸ್ ಅಂತ ಹಾಕಿರ್ತಾರೆ, ಅದು ಐಚ್ಛಿಕ, ಬೇಡ ಅಂದ್ರೆ ತೆಗೀತಾರೆ. 2024ರ ಅಕ್ಟೋಬರ್ 1ರಿಂದ ಕಾನೂನು ಬಂದು ಟಿಪ್ಸಲ್ಲಿ ಮಾಲೀಕ ಪಾಲು ಹಿಡಿಯೋ ಹಾಗಿಲ್ಲ, ಪೂರ್ತಿ ಕೆಲಸದವರಿಗೇ ಹೋಗ್ಬೇಕು, ಕಾರ್ಡಲ್ಲಿ ಕೊಟ್ರೂ. ಫ್ರಾನ್ಸಲ್ಲಿ ರೇಟಿನ ಒಳಗೇ ಸರ್ವಿಸ್ ಸೇರಿರ್ತದೆ, ಚಿಲ್ಲರೆ ಬಿಟ್ಟು ಎದ್ರೆ ಸಾಕು. ಸ್ವಿಸ್ಸೂ ಹಾಗೇ. ಯುರೋಪಿನ ಬಗ್ಗೆ ಇಷ್ಟು ಸಾಕು, ನಮ್ಮ ಕಡೆಯವರು ಹೆಚ್ಚಾಗಿ ಅಲ್ಲಿ ಟೂರ್ ಬಸ್ಸಲ್ಲೇ ಹೋಗೋದು, ಟಿಪ್ಸ್ ಎಲ್ಲ ಪ್ಯಾಕೇಜಲ್ಲಿ ಮೊದಲೇ ವಸೂಲಿ ಆಗಿರ್ತದೆ.

ನಾನಿದ್ದ ಹೋಟ್ಲಲ್ಲಿ? ಬಿಲ್ಲಲ್ಲಿ ಹಾಕ್ತಿದ್ದ 10% ನಮ್ಮ ಕೈಗೆ ಅಂತ ಒಂದು ದಿನವೂ ಬಂದದ್ದಿಲ್ಲ. ಎಲ್ಲಾ ಕಡೆ ಹಾಗೆ ಅಂತ ಹೇಳೋದಿಲ್ಲ. ಆದ್ರೆ ಅವತ್ತಿಂದ ಸರ್ವಿಸ್ ಚಾರ್ಜು ಅಂದ್ರೆ ಸರ್ವಿಸ್ ಮಾಡಿದವರಿಗೆ ಅಂತ ನಾನು ಕಣ್ಣು ಮುಚ್ಚಿ ನಂಬೋದಿಲ್ಲ. ಸಿಂಗಾಪುರ ಜಪಾನಿನಂಥ ಕಡೆ ಮಾತ್ರ ಜನ ಟಿಪ್ಸಿಗೆ ಕಾಯೋದೂ ಇಲ್ಲ. ನಮ್ಮ ದೇಶದಲ್ಲಂತೂ 2022ರಲ್ಲೇ ಹೋಟ್ಲಿನವರು ತಾವಾಗೇ ಬಿಲ್ಲಿಗೆ ಸರ್ವಿಸ್ ಚಾರ್ಜು ಸೇರಿಸ್ಬಾರದು ಅಂತ ಗ್ರಾಹಕ ಪ್ರಾಧಿಕಾರ ಹೇಳಿ, 2025ರ ಮಾರ್ಚಲ್ಲಿ ದಿಲ್ಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಅದನ್ನ ಹೇಳಿ ಪರದೇಶದಲ್ಲಿ ಜಗಳ ತೆಗೀಬೇಡಿ ಮಾರಾಯ್ರೆ, ಅಲ್ಲಿ ನಡೆಯೋದಿಲ್ಲ.

ದುಡ್ಡಿಲ್ಲದೆ

ಮಗ ಕಳಿಸಿದ್ದು, ನಮ್ಮ ಹತ್ರ ಕ್ಯಾಶ್ ಅಂತ ಹೆಚ್ಚಿಲ್ಲ ಅನ್ನೋರಿಗೆ ಇದು. ಕೊಡದೇ ಬಂದ್ರೆ ಯಾರೂ ಹಿಡಿದು ನಿಲ್ಲಿಸೋದಿಲ್ಲ, ಅದನ್ನ ಮೊದಲು ತಲೆಯಿಂದ ತೆಗೀರಿ. ಬದಲಿಗೆ ಮಾಡೋದು ಏನಂದ್ರೆ, ಹೋಗುವಾಗ ರಿಸೆಪ್ಷನ್ನಲ್ಲಿ ಅಭಿಪ್ರಾಯ ಬರಿಯೋ ಚೀಟಿ ಇರ್ತದೆ ಅಥವಾ ಆಮೇಲೆ ಮೇಲ್ ಬರ್ತದೆ, ಅದರಲ್ಲಿ ಕೆಲಸದವರ ಎದೆ ಮೇಲಿನ ಬ್ಯಾಡ್ಜಲ್ಲಿದ್ದ ಹೆಸರು ಹಾಕಿ ಎರಡು ಸಾಲು ಬರೀರಿ. 'ಸ್ಟಾಫ್ ಚೆನ್ನಾಗಿದೆ' ಅಂತ ಬರೆದ್ರೆ ಅದು ಗಾಳಿಗೆ ಹೋಯ್ತು. ಹೆಸರು ಹಾಕಿದ್ರೆ ಅದನ್ನ ಬೆಳಗಿನ ಮೀಟಿಂಗಲ್ಲಿ ಓದ್ತಾರೆ, ನಂಗೆ ಎರಡು ಸಲ ತಿಂಗಳ ನೌಕರ ಅಂತ ಫೋಟೋ ಹಾಕಿದ್ದು ಅಂಥ ಚೀಟಿಯಿಂದಲೇ, ಜೊತೆಗೆ ಸಣ್ಣ ಮೊತ್ತನೂ ಸಿಕ್ಕಿತ್ತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಅನ್ನ ಸಾರು ಮಾಡಿ ಕೊಟ್ಟ ಅಡಿಗೆಯವರಿಗೆ ಈ ದಾರಿನೇ ಸರಿ, ಅವರು ಒಳಗಿರ್ತಾರೆ, ನಿಮ್ಮ ಕೈಗೆ ಸಿಗೋದಿಲ್ಲ.

ಊರಿಂದ ಏನಾದ್ರೂ ಒಯ್ದು ಕೊಡೋದು ಇನ್ನೊಂದು. ಕುಮಟಾ ಹೊನ್ನಾವರದ ಗೋಡಂಬಿ, ಪ್ಯಾಕ್ ಮಾಡಿದ ತೊಡದೇವು, ಗುಡಿಗಾರರ ಕೆತ್ತನೆಯ ಪುಟ್ಟ ಆನೆ. ಚೆಂದವೇ. ಆದ್ರೆ ಕೊಟ್ಟ ಮೇಲೆ ಜೊತೆಗೆ ಸಹಿ ಮಾಡಿದ ಚೀಟಿ ಕೊಡದಿದ್ರೆ ಅವಂಗೆ ಅದು ತಲೆನೋವು, ಡ್ಯೂಟಿ ಮುಗಿಸಿ ಹೊರಗೆ ಹೋಗುವಾಗ ಗೇಟಲ್ಲಿ ಬ್ಯಾಗು ನೋಡ್ತಾರೆ, ಗೆಸ್ಟ್ ಕೊಟ್ಟದ್ದು ಅನ್ನೋದಕ್ಕೆ ಪುರಾವೆ ಬೇಕು. ಮತ್ತೆ ಅಮೆರಿಕಕ್ಕೆ ಹೋಗೋರು ವಿಮಾನ ಇಳಿದಾಗ ತಿಂಡಿ ಇದೆ ಅಂತ ಕಸ್ಟಮ್ಸಲ್ಲಿ ಹೇಳಿಬಿಡಿ, ಮುಚ್ಚಿಟ್ಟು ಸಿಕ್ಕಿಬಿದ್ರೆ ದಂಡ.

ನಡವಳಿಕೆ ಅಂತ ಒಂದೆರಡು

ಟಿಪ್ಸ್ ಕೊಟ್ಟು ಬಾತ್‌ರೂಮು ಕೆರೆ ಮಾಡಿ ಬಂದ್ರೆ ಏನು ಬಂತು. ಟಬ್ಬಲ್ಲಿ ನಿಂತು ಸ್ನಾನ ಮಾಡುವಾಗ ಪರದೆಯ ಕೆಳಗಿನ ತುದಿ ಟಬ್ಬಿನ ಒಳಗೆ ಇರ್ಬೇಕು. ನಮ್ಮವರು ಬಹಳ ಜನ ಹೊರಗೆ ಬಿಡ್ತಾರೆ, ನೀರೆಲ್ಲ ನೆಲಕ್ಕೆ, ಬಚ್ಚಲು ಅಂತ ತಿಳ್ಕೊಂಡು. ಆ ನೆಲಕ್ಕೆ ನೀರು ಹೋಗೋ ತೂತೇ ಇರೋದಿಲ್ಲ ಎಷ್ಟೋ ಕಡೆ, ಒರೆಸಿ ಒರೆಸಿ ಸಾಕಾಗ್ತದೆ. ಟವಲ್ ನೆಲದ ಮೇಲೆ ಹಾಕಿದ್ರೆ ಬದಲಿಸಿ ಅಂತ ಅರ್ಥ, ಕೋಲಿಗೆ ಹಾಕಿದ್ರೆ ಇದೇ ಸಾಕು ಅಂತ. ಫ್ರಿಜ್ಜಲ್ಲಿರೋ ಚಾಕ್ಲೇಟು ಸುಮ್ನೆ ಎತ್ತಿ ನೋಡಿ ಇಟ್ರೂ ಕೆಲವು ಹೋಟ್ಲಲ್ಲಿ ಬಿಲ್ಲು ಬೀಳ್ತದೆ, ಕೆಳಗೆ ಸೆನ್ಸರ್ ಇರ್ತದೆ. ಬಫೆಯಲ್ಲಿ ಬಾಳೆಹಣ್ಣು ಒಂದು ಕೈಯಲ್ಲಿ ಹಿಡ್ಕೊಂಡು ಬಂದ್ರೆ ಯಾರೂ ಕೇಳೋದಿಲ್ಲ, ಡಬ್ಬಿ ತೆಗೆದು ಕಟ್ಟೋಕೆ ಶುರು ಮಾಡಿದ್ರೆ ಮಾತ್ರ ನೋಡ್ತಾರೆ. ಜಪಾನಿನ ಬಿಸಿನೀರ ಹೊಂಡಕ್ಕೆ ಇಳಿಯೋ ಮುಂಚೆ ಹೊರಗೆ ಕೂತು ಸೋಪು ಹಾಕಿ ಮೈ ತೊಳೀಬೇಕು, ನಮ್ಮ ಅಜ್ಜಂದಿರು ಕೆರೆಗಿಳಿಯೋ ಮುಂಚೆ ಕಾಲು ತೊಳೀತಿದ್ರಲ್ಲ ಅದರ ದೊಡ್ಡಣ್ಣ. ಥಾಯ್ಲೆಂಡಲ್ಲಿ ಗಾಳಿಗೆ ಹಾರಿದ ನೋಟನ್ನ ಕಾಲಲ್ಲಿ ಮೆಟ್ಟಿ ಹಿಡೀಬೇಡಿ, ಅದರ ಮೇಲೆ ರಾಜನ ಚಿತ್ರ ಇದೆ. ಡೆಬಿಟ್ ಕಾರ್ಡು ಚೆಕ್ ಇನ್ನಲ್ಲಿ ಕೊಡ್ಬೇಡಿ, ಡಿಪಾಸಿಟ್ ಅಂತ ಹಿಡಿದಿಟ್ಟ ದುಡ್ಡು ವಾಪಸ್ ಬರೋಕೆ ದಿನಗಟ್ಟಲೆ ಆಗ್ತದೆ, ಕ್ರೆಡಿಟ್ ಕಾರ್ಡಾದ್ರೆ ಲಿಮಿಟ್ಟಲ್ಲಿ ಮಾತ್ರ ನಿಲ್ತದೆ.

ಲೆಕ್ಕ ಹಾಕಿ ನೋಡಿದ್ರೆ

ಅಂಕೋಲಾ ಅಕ್ಕೋರಿಗೆ ಹೇಳಿದ ಲೆಕ್ಕ ಇದು: ಬ್ಯಾಗಿಗೆ 2 ಡಾಲರ್, ಅದೂ ಬೇರೆಯವರು ಹೊತ್ರೆ ಮಾತ್ರ, ಚಕ್ರದ ಬ್ಯಾಗು ನೀವೇ ಎಳ್ಕೊಂಡು ಹೋದ್ರೆ ಏನೂ ಇಲ್ಲ. ರೂಮಿಗೆ ರಾತ್ರಿಗೆ 5, ಕೈ ಬಿಗಿ ಇದ್ರೆ 2, ಮೂರು ರಾತ್ರಿಗೆ 6ರಿಂದ 15 ಡಾಲರ್. ಊಟದ್ದು ಕಾರ್ಡಲ್ಲಿ. 1 ಡಾಲರ್ ನೋಟು ಇಪ್ಪತ್ತು, 5ರದ್ದು ನಾಲ್ಕು ಒಯ್ದರೆ ಧಾರಾಳ ಆಯ್ತು. ಸಿಂಗಾಪುರಕ್ಕೆ ಹೋಗೋರು ಈ ತಲೆಬಿಸಿ ಬಿಟ್ಟು ನಿದ್ದೆ ಮಾಡಿ, ಚ್ಯೂಯಿಂಗ್ ಗಮ್ ಮಾತ್ರ ಒಯ್ಬೇಡಿ.

ಮಾವಂದು ದುಬೈ. ಅಲ್ಲಿ ಬಿಲ್ಲಲ್ಲಿ ಸರ್ವಿಸ್ 10%, ಮುನ್ಸಿಪಾಲಿಟಿ 7%, ವ್ಯಾಟ್ 5%, ಅದರ ಮೇಲೆ ಫೈವ್ ಸ್ಟಾರಿಗೆ ರಾತ್ರಿಗೆ ರೂಮಿಗೆ 20 ದಿರ್ಹಮ್ ಟೂರಿಸಂ ದಿರ್ಹಮ್ ಅಂತ. ಈ ಕೊನೇದನ್ನ ಬುಕ್ ಮಾಡುವಾಗ ಸೇರಿಸಿರೋದಿಲ್ಲ ಬಹಳ ಸಲ, ಹೋಟ್ಲಲ್ಲಿ ಕೇಳ್ತಾರೆ, ನಾಲ್ಕು ರಾತ್ರಿಗೆ 80. ಯಾರೋ ಮೋಸ ಮಾಡ್ತಿದಾರೆ ಅಂತ ಅಲ್ಲಿ ದನಿ ಎತ್ತಬೇಡಿ ಅಂತ ಮೊದಲೇ ಹೇಳಿಟ್ಟೆ. ಇಷ್ಟೆಲ್ಲ ಹೋದ ಮೇಲೂ ಅಲ್ಲಿ ಕೈಗೆ ಕೊಡೋ ಚಿಲ್ಲರೆಗೆ ಬೆಲೆ ಇದೆ. ಬ್ಯಾಗು ತಂದವಂಗೆ 10, ಹೋಗುವಾಗ ಕೆಳಗಿಳಿಸಿದವಂಗೆ 10, ರೂಮಿಗೆ ದಿನಾ 10, ತಿಂಡಿ ಹೊತ್ತಿಗೆ ಬಿಸಿ ಬಿಸಿ ದೋಸೆ ತಂದುಕೊಟ್ಟವಂಗೆ ಕೊನೆ ದಿನ 20, ಆಚೆ ಈಚೆ ಅಂತ 20. ಒಟ್ಟು 100 ದಿರ್ಹಮ್, ಸುಮಾರು ಎರಡೂವರೆ ಸಾವಿರ ರೂಪಾಯಿ. ಅಷ್ಟು ಬೇಡ ಅನಿಸಿದ್ರೆ ಎಲ್ಲಾ ಅರ್ಧ ಮಾಡಿ, ರೂಮಿನದ್ದನ್ನ ಮಾತ್ರ ಕೊನೆಗೆ ಕಡಿಮೆ ಮಾಡಿ, ಯಾಕಂದ್ರೆ ಬಾಗಿಲಲ್ಲಿ ನಗುವವಂಗೆ ಎಲ್ಲರೂ ಕೊಡ್ತಾರೆ, ನೀವು ಇಲ್ಲದಾಗ ಬಂದು ಹೋಗುವವಂಗೆ ಯಾರೂ ಕೊಡೋದಿಲ್ಲ. ಬರೀ ಬಾಗಿಲು ತೆಗೆದು ಸಲಾಂ ಹೊಡೆಯೋದಕ್ಕೆ ಏನೂ ಬೇಡ, ಸಲಾಂ ವಾಪಸ್ ಕೊಡಿ. ದಿರ್ಹಮ್ ಸಿಗದಿದ್ರೆ ಡಾಲರೂ ನಡೀತದೆ, ಡಾಲರಿಗೆ 3.67 ಅಂತ 1997ರಿಂದ ಕಟ್ಟಿಟ್ಟಿದಾರೆ, ಮೇಲೆ ಕೆಳಗೆ ಆಗೋದಿಲ್ಲ. ಭಾಷೆಯ ಚಿಂತೆ ಬೇಡ, ಭಟ್ಕಳದವರು ಒಬ್ರಾದ್ರೂ ಸಿಕ್ಕೇ ಸಿಕ್ತಾರೆ ಅಲ್ಲಿ.

ಇದೆಲ್ಲ ಹೇಳಿ ಮುಗಿಸಿ ಕೊನೆಗೆ ಅಂದೆ, "ಮಾವ, ಗಸಗಸೆ ಕಾಳು ಒಂದೂ ಇರ್ಬಾರದು ಬ್ಯಾಗಲ್ಲಿ, ಅದು ಅಲ್ಲಿ ನಿಷೇಧ. ಮತ್ತೆ ಕವಳನೂ ಇಲ್ಲ, ವೀಳ್ಯದೆಲೆ ಒಳಗೆ ಬಿಡೋದಿಲ್ಲ." ಟಿಪ್ಸಿನ ಲೆಕ್ಕಕ್ಕೆ ತಲೆ ಆಡಿಸ್ತಾ ಕೂತವರು ಇದಕ್ಕೆ ಮಾತ್ರ ಬಾಯಿ ಮುಚ್ಚಿ ಐದು ನಿಮಿಷ ಸುಮ್ನೆ ಕೂತ್ರು. ಅತ್ತೆ ಒಳಗಿಂದ, "ನಾಲ್ಕು ದಿನ ಬಾಯಿ ಕ್ಲೀನ್ ಆಗ್ತು ಬಿಡಿ," ಅಂದ್ರು.

ನಿನ್ನೆ ರಾತ್ರಿ ಶಿರಸಿಯಿಂದ ವಾಟ್ಸಾಪಲ್ಲಿ ಫೋಟೋ ಬಂತು. ಮಾವನ ಕವಳದ ಸಂಚಿ, ತೊಳೆದು ಇಸ್ತ್ರಿ ಮಾಡಿದ್ದು, ಬಿಚ್ಚಿ ಹರವಿಟ್ಟಿದ್ದು. ಎಲೆ ಇಡೋ ಪದರದಲ್ಲಿ 5ರ ನೋಟು, ಅಡಿಕೆ ಪದರದಲ್ಲಿ 10ರದ್ದು, ತಂಬಾಕಿನ ಪದರದಲ್ಲಿ 20ರದ್ದು ಎರಡು, ಸುಣ್ಣದ ಡಬ್ಬಿ ಇರ್ತಿದ್ದಲ್ಲಿ ಮೋಟು ಪೆನ್ಸಿಲ್ ಒಂದು.